ಹೈಲಕ್ಸ್‌ಗೆ ದೊಡ್ಡ ಟ್ಯಾಂಕ್ ಬೇಕಾ? ಪರ್ತ್‌ಗೆ ಹೊಸದಾಗಿ ಬಂದವರಿಗೆ ಒಂದು ಉತ್ತರ

ನಮಸ್ಕಾರ. ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆಯಿಂದ ಪರ್ತ್‌ಗೆ ಬಂದು ಇನ್ನೂ ವರ್ಷ ತುಂಬಿಲ್ಲ, ಆಗಲೇ ಸೆಕೆಂಡ್‌ಹ್ಯಾಂಡ್ ಡೀಸೆಲ್ ಟೊಯೋಟಾ ಹೈಲಕ್ಸ್ ಡಬಲ್ ಕ್ಯಾಬ್, ಅಂದರೆ ಎರಡು ಸಾಲು ಸೀಟಿನ ಪಿಕಪ್, ತೆಗೆದುಕೊಂಡಿದ್ದೀರಿ. ಜುಲೈ ರಜೆಯಲ್ಲಿ ಮನೆಯವರನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ಬ್ರೂಮ್‌ಗೆ ಹೋಗಬೇಕು. ಮುಂದೆ ನಲ್ಲರ್‌ಬೋರ್ ಬಯಲು ದಾಟಿ ಅಡಿಲೇಡ್‌ಗೆ, ಆಮೇಲೆ ಮರುಭೂಮಿಯ ಒಳದಾರಿಗಳಿಗೆ. ಆಫೀಸಿನ ಸ್ನೇಹಿತರೊಬ್ಬರು 140 ಲೀಟರ್ ಟ್ಯಾಂಕ್ ಹಾಕಿಸದೆ ಊರು ಬಿಡಬೇಡಿ ಅಂದಿದ್ದಾರೆ, ಎರಡು ಸಾವಿರ ಡಾಲರ್ ಹತ್ತಿರ ಆಗುತ್ತೆ, ಹಾಕಿಸಲಾ ಬೇಡವಾ ಅಂತ ಕೇಳಿದ್ದೀರಿ. ಅಣ್ಣ ಅಂತ ಕರೆದಿದ್ದೀರಿ, ಹಾಗಾಗಿ ನಮ್ಮ ಮನೆಯವರಿಗೆ ಹೇಳುವ ಹಾಗೇ ಹೇಳುತ್ತೇನೆ.

ಬ್ರೂಮ್‌ಗೆ ಬೇಡ. ನಲ್ಲರ್‌ಬೋರ್‌ಗೂ ಬೇಡ. ಒಳದಾರಿಗಳಿಗೆ ಬೇಕಾಗಬಹುದು. ಆದರೆ ಅದಕ್ಕೂ ಮುಂಚೆ ನಿಮ್ಮ ಗಾಡಿ ಎಷ್ಟು ಹೊರಬಲ್ಲದು ಅನ್ನುವುದು ಗೊತ್ತಾಗಬೇಕು. ಟ್ಯಾಂಕ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ತೂಕದ ಬಗ್ಗೆ ಯಾರೂ ಮಾತಾಡುವುದಿಲ್ಲ.

ಮೊದಲು ದೂರದ ಲೆಕ್ಕ. ಊರಲ್ಲಿ ನಾವು ಲೀಟರಿಗೆ ಎಷ್ಟು ಕೊಡುತ್ತೆ ಅಂತ ಕೇಳುತ್ತೇವೆ. ಇಲ್ಲಿ ನೂರು ಕಿಲೋಮೀಟರಿಗೆ ಎಷ್ಟು ಲೀಟರ್ ಕುಡಿಯುತ್ತೆ ಅನ್ನುವುದು ಲೆಕ್ಕ. ಸಾಮಾನು ತುಂಬಿದ ಹೈಲಕ್ಸ್ ಹೈವೇಯಲ್ಲಿ ನೂರಕ್ಕೆ 11 ಲೀಟರ್ ಕುಡಿಯುತ್ತೆ ಅಂದುಕೊಳ್ಳಿ, ಅಂದರೆ ಲೀಟರಿಗೆ ಸುಮಾರು 9 ಕಿ.ಮೀ. ಕಂಪನಿ ಕೊಟ್ಟ ಟ್ಯಾಂಕ್ 80 ಲೀಟರ್. ಅದರಲ್ಲಿ 20 ಲೀಟರ್ ಮುಟ್ಟದೆ ಬಿಟ್ಟರೂ 540 ಕಿ.ಮೀ. ಓಡುತ್ತೆ. ಕ್ಯಾರವಾನ್, ಅಂದರೆ ಹಿಂದೆ ಕಟ್ಟಿಕೊಂಡು ಹೋಗುವ ಚಕ್ರದ ಮನೆ, ಎಳೆದರೆ ನೂರಕ್ಕೆ 17 ಆಗಬಹುದು. ಆಗ ಅದೇ 60 ಲೀಟರಿನಲ್ಲಿ 350 ಕಿ.ಮೀ.

ಪರ್ತ್‌ನಿಂದ ಬ್ರೂಮ್ 2,200 ಕಿ.ಮೀ.ಗೂ ಜಾಸ್ತಿ. ಕೇಳಿದರೆ ಎದೆ ಝಲ್ ಅನ್ನುತ್ತೆ, ಆದರೆ ಅಷ್ಟೂ ಟಾರು ರಸ್ತೆ, ದಾರಿಯಲ್ಲಿ ರೋಡ್‌ಹೌಸ್‌ಗಳಿವೆ. ಬಂಕು, ಊಟ, ಮಲಗಲು ರೂಮು ಮೂರೂ ಒಂದೇ ಕಡೆ ಸಿಗುವ ಜಾಗ ಅದು. ಪೋರ್ಟ್ ಹೆಡ್‌ಲ್ಯಾಂಡ್ ದಾಟಿದ ಮೇಲೆ ಪಾರ್ಡೂ, ಆಮೇಲೆ ಸ್ಯಾಂಡ್‌ಫೈರ್. ಸ್ಯಾಂಡ್‌ಫೈರ್ ಬಿಟ್ಟರೆ ಬ್ರೂಮ್‌ವರೆಗೆ ಸುಮಾರು 320 ಕಿ.ಮೀ. ಹೆಚ್ಚೂ ಕಡಿಮೆ ಖಾಲಿ. ಅಲ್ಲಿ ಫುಲ್ ಮಾಡಿಸಿದರೆ ಆಯಿತು. ನಲ್ಲರ್‌ಬೋರ್ ಇನ್ನೂ ಸುಲಭ. ನಾರ್ಸ್‌ಮನ್‌ನಿಂದ ಸೆಡುನಾವರೆಗೆ 1,200 ಕಿ.ಮೀ., ಆದರೆ ಬಂಕಿನಿಂದ ಬಂಕಿಗೆ ಎಲ್ಲೂ 200 ಕಿ.ಮೀ. ಇಲ್ಲ. ಬಾಲ್ಲಡೋನಿಯ ಕಳೆದ ಮೇಲೆ 146 ಕಿ.ಮೀ. ಚಿಲ್ಲರೆ ಸ್ಟಿಯರಿಂಗ್ ತಿರುಗಿಸುವ ಕೆಲಸವೇ ಇಲ್ಲದ ನೇರ ರಸ್ತೆ ಬರುತ್ತೆ. ಅಲ್ಲಿ ಡೀಸೆಲ್‌ಗಿಂತ ನಿದ್ದೆಯ ಭಯ ದೊಡ್ಡದು. ಮನೆಯವರಿಗೂ ಲೈಸೆನ್ಸ್ ಇದ್ದರೆ ಎರಡು ಗಂಟೆಗೊಮ್ಮೆ ಕೈ ಬದಲಾಯಿಸಿ.

ಒಳನಾಡಿನ ಬಂಕಿನಲ್ಲಿ ರೇಟು ಕಣ್ಣು ಕುಕ್ಕುತ್ತೆ ನಿಜ. ಅದನ್ನು ಉಳಿಸಲು ದೊಡ್ಡ ಟ್ಯಾಂಕ್ ಹಾಕಿಸುತ್ತೇನೆ ಅನ್ನುವವರಿದ್ದಾರೆ. 60 ಲೀಟರಿಗೆ ಲೀಟರಿಗೆ 50 ಸೆಂಟ್ ಉಳಿಸಿದರೂ ಒಂದು ಸಲಕ್ಕೆ 30 ಡಾಲರ್. ಎರಡು ಸಾವಿರ ವಾಪಸ್ ಬರಲು ಎಷ್ಟು ಸಲ ಹೋಗಬೇಕು ನೀವೇ ಲೆಕ್ಕ ಹಾಕಿ. ಅದರ ಬದಲು ಫ್ಯುಯೆಲ್‌ವಾಚ್ ನೋಡುವ ಅಭ್ಯಾಸ ಮಾಡಿಕೊಳ್ಳಿ. ಬಂಕುಗಳ ರೇಟು ತೋರಿಸುವ, 2001ರಿಂದ ಇರುವ ಪಶ್ಚಿಮ ಆಸ್ಟ್ರೇಲಿಯ ರಾಜ್ಯ ಸರ್ಕಾರದ ಸೇವೆ. ಬಂಕಿನವರು ನಾಳೆಯ ರೇಟನ್ನು ಇವತ್ತೇ ತಿಳಿಸಬೇಕು, ಬೆಳಗ್ಗೆ 6ರಿಂದ 24 ಗಂಟೆ ಅದನ್ನು ಬದಲಾಯಿಸುವ ಹಾಗಿಲ್ಲ. ಗ್ರಾಹಕರಿಗೆ ಇಷ್ಟು ಅನುಕೂಲವಾದ ವ್ಯವಸ್ಥೆ ಊರಲ್ಲೂ ಇರಬೇಕಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ.

ಈಗ ಒಳದಾರಿಗಳಿಗೆ ಬರೋಣ. ಲಾವರ್ಟನ್‌ನಿಂದ ಉಲುರು ಬಂಡೆಯ ಪಕ್ಕದ ಯುಲಾರಾಗೆ ಹೋಗುವ ಗ್ರೇಟ್ ಸೆಂಟ್ರಲ್ ರೋಡ್ ಸುಮಾರು 1,100 ಕಿ.ಮೀ., ಬಹುಪಾಲು ಮಣ್ಣಿನ ರಸ್ತೆ. ಲಾವರ್ಟನ್ ಬಿಟ್ಟು 300 ಕಿ.ಮೀ. ಚಿಲ್ಲರೆಗೆ ಜುಕಾಯಿರ್ಲಾ ರೋಡ್‌ಹೌಸ್, ಅಲ್ಲಿಂದ ಸುಮಾರು 250ಕ್ಕೆ ವಾರ್‌ಬರ್ಟನ್, ಆಮೇಲೆ ವಾರಾಕುರ್ನಾ. ಕಾಗದದ ಮೇಲೆ 80 ಲೀಟರ್ ಸಾಕು. ಆದರೆ ಅಲ್ಲಿನ ನಿಯಮವೇ ಬೇರೆ: ಒಂದು ಬಂಕ್ ಮುಚ್ಚಿದ್ದರೂ ಮುಂದಿನದಕ್ಕೆ ತಲುಪುವಷ್ಟು ಎಣ್ಣೆ ನಿಮ್ಮ ಹತ್ತಿರ ಇರಬೇಕು. ಕರೆಂಟ್ ಹೋಗಿರಬಹುದು, ಟ್ಯಾಂಕರ್ ಬಂದಿರದೇ ಇರಬಹುದು, ಊರಲ್ಲಿ ಯಾರೋ ತೀರಿಕೊಂಡು ಅಂಗಡಿ ಬಾಗಿಲು ಹಾಕಿರಬಹುದು. ಹಾಗಾಗಿ ಲೆಕ್ಕ 300ಕ್ಕಲ್ಲ, 550ಕ್ಕೆ ಹಾಕಬೇಕು. ಮಣ್ಣಿನ ರಸ್ತೆಯಲ್ಲಿ ನೂರಕ್ಕೆ 13 ಅಂದರೂ 72 ಲೀಟರ್. 80ರ ಟ್ಯಾಂಕಿನಲ್ಲಿ ಉಳಿಯುವುದು 8. ಇಲ್ಲಿಂದ ಹೆಚ್ಚುವರಿ ಎಣ್ಣೆಗೆ ಅರ್ಥ ಬರುತ್ತೆ. ಈ ದಾರಿಗೆ ಪರ್ಮಿಟ್ ಬೇಕು, ಪಶ್ಚಿಮ ಆಸ್ಟ್ರೇಲಿಯ ಭಾಗಕ್ಕೆ ಒಂದು, ನಾರ್ದರ್ನ್ ಟೆರಿಟರಿ ಭಾಗಕ್ಕೆ ಇನ್ನೊಂದು. ಅದು ಅಲ್ಲಿನ ಮೂಲನಿವಾಸಿಗಳ ನೆಲ. ಕೇಳಿಕೊಂಡು ಹೋಗುವುದು ಮರ್ಯಾದೆ.

ಕ್ಯಾನಿಂಗ್ ಸ್ಟಾಕ್ ರೂಟ್ ಇನ್ನೊಂದು ಮಟ್ಟದ್ದು. ಆಲ್ಫ್ರೆಡ್ ಕ್ಯಾನಿಂಗ್ 1906ರಲ್ಲಿ ಸರ್ವೇ ಶುರುಮಾಡಿ, 1910ರ ಹೊತ್ತಿಗೆ ಬಾವಿಗಳನ್ನು ತೋಡಿಸಿ ಮುಗಿಸಿದ ದನಗಳ ದಾರಿ. ವಿಲುನಾದಿಂದ ಹಾಲ್ಸ್ ಕ್ರೀಕ್‌ಗೆ 1,850 ಕಿ.ಮೀ. ವಿಲುನಾ ಬಿಟ್ಟರೆ ಡೀಸೆಲ್ ಸಿಗುವುದು 33ನೇ ಬಾವಿಯ ಹತ್ತಿರದ ಕುನಾವರಿಜಿಯಲ್ಲಿ, ಸುಮಾರು 1,000 ಕಿ.ಮೀ. ಆದಮೇಲೆ. ಬೆಂಗಳೂರಿನಿಂದ ಬೀದರ್‌ಗೆ ಹೋಗಿ ಇನ್ನೂ ಮುನ್ನೂರು ಕಿ.ಮೀ. ಮುಂದಕ್ಕೆ ಹೋದ ಹಾಗೆ, ನಡುವೆ ಒಂದೇ ಒಂದು ಬಂಕ್ ಇಲ್ಲ. ಅದೂ ಮರಳು ದಿಬ್ಬ ಹತ್ತಿ ಇಳಿದು. ನೂರಕ್ಕೆ 18 ಲೀಟರ್ ಹಿಡಿದರೂ 180, ಮೇಲೆ ಕೈಯಲ್ಲಿ 30. ಅಂದರೆ 140 ಲೀಟರ್ ಟ್ಯಾಂಕ್ ಹಾಕಿಸಿದರೂ ಸಾಲದು, ಕ್ಯಾನ್‌ಗಳೂ ಬೇಕು. ಮಕ್ಕಳು ಸ್ವಲ್ಪ ದೊಡ್ಡವರಾಗಲಿ, ಈ ದಾರಿಗೆ ಒಂಟಿ ಗಾಡಿಯಲ್ಲಂತೂ ಹೋಗಬೇಡಿ. ದಾರಿ ತೆರೆದಿದೆಯಾ, ಪರ್ಮಿಟ್ ಸಿಗುತ್ತಾ ಅಂತ ವಿಚಾರಿಸಿಕೊಂಡೇ ಯೋಚನೆ ಮಾಡಿ.

ಇಲ್ಲೇ ತೂಕದ ಮಾತು ಬರುವುದು. ಡೀಸೆಲ್ ಲೀಟರಿಗೆ ಸುಮಾರು 840 ಗ್ರಾಂ. 210 ಲೀಟರ್ ಅಂದರೆ 176 ಕೆ.ಜಿ. ನಿಮ್ಮ ಹೈಲಕ್ಸ್ ತನ್ನನ್ನೂ ಸೇರಿಸಿ ಹೆಚ್ಚೆಂದರೆ 3,050 ಕೆ.ಜಿ. ಆಸುಪಾಸು ಇರಬಹುದು. ಇದಕ್ಕೆ ಇಲ್ಲಿ ಜಿವಿಎಂ ಅನ್ನುತ್ತಾರೆ, ನಿಮ್ಮ ಮಾಡೆಲ್‌ನದ್ದು ಎಷ್ಟು ಅಂತ ಗಾಡಿಯ ಮೇಲಿನ ಪ್ಲೇಟಿನಲ್ಲೋ ಹ್ಯಾಂಡ್‌ಬುಕ್‌ನಲ್ಲೋ ನೋಡಿ. ಖಾಲಿ ಗಾಡಿಯೇ ಎರಡು ಟನ್ ಮೇಲೆ. ಉಳಿದದ್ದು ಒಂದು ಟನ್‌ಗೂ ಕಮ್ಮಿ. ಜಾಸ್ತಿ ಅನ್ನಿಸುತ್ತೆ ಅಲ್ವಾ? ನಾಲ್ಕು ಜನ, ಮುಂದೆ ಬುಲ್‌ಬಾರ್ ಅನ್ನುವ ಗಾರ್ಡು, ಹಿಂದೆ ಟ್ರೇ ಮುಚ್ಚುವ ಕ್ಯಾನಪಿ, ಫ್ರಿಜ್, ಅದಕ್ಕೊಂದು ಬ್ಯಾಟರಿ, 60 ಲೀಟರ್ ನೀರು, ಟೆಂಟು, ಎರಡನೇ ಸ್ಟೆಪ್ನಿ, ಟೂಲ್ಸ್, ಅಕ್ಕಿ ಬೇಳೆ ಕುಕ್ಕರ್. ಒಂದೊಂದೇ ಬರೆಯುತ್ತಾ ಹೋಗಿ, ಆರುನೂರು ದಾಟಿರುತ್ತೆ. ಕ್ಯಾರವಾನ್ ಇದ್ದರೆ ಕೊಂಡಿಯ ಮೇಲೆ ಬೀಳುವ ಭಾರ, 200 ಕೆ.ಜಿ. ಅಂದುಕೊಳ್ಳಿ, ಅದೂ ಗಾಡಿಯ ಲೆಕ್ಕಕ್ಕೇ. ಒಟ್ಟು ತೂಕ ಸರಿ ಇದ್ದರೂ ಹಿಂದಿನ ಆಕ್ಸಲ್‌ನ ಮಿತಿ ಮೀರಿರಬಹುದು. ಹಿಂದೆ ಭಾರ ಹೆಚ್ಚಾಗಿ ಡಬಲ್ ಕ್ಯಾಬ್‌ಗಳ ಚಾಸಿ ಬಗ್ಗಿದ್ದು ಈ ದೇಶದಲ್ಲಿ ಹೊಸದೇನಲ್ಲ. ಮಿತಿ ಮೀರಿದ ಗಾಡಿ ಅಪಘಾತವಾದರೆ ಇನ್ಶೂರೆನ್ಸ್‌ನವರು ಕೈ ಎತ್ತಬಹುದು. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು 110ರಲ್ಲಿ ಹೋಗುವಾಗ ಬ್ರೇಕು ಎಷ್ಟು ದೂರದಲ್ಲಿ ಹಿಡಿಯುತ್ತೆ ಅನ್ನುವುದು ಅದಕ್ಕಿಂತ ಮುಖ್ಯ.

ಅದಕ್ಕೇ ಎಣ್ಣೆಯನ್ನು ಎಲ್ಲಿ ಇಡುತ್ತೀರಿ ಅನ್ನುವುದು ಎಷ್ಟು ಇಡುತ್ತೀರಿ ಅನ್ನುವಷ್ಟೇ ದೊಡ್ಡ ಪ್ರಶ್ನೆ. ನನ್ನ ಆಯ್ಕೆ, ಹಳೆ ಟ್ಯಾಂಕ್ ತೆಗೆದು ಅದೇ ಜಾಗದಲ್ಲಿ ಕೂರುವ ದೊಡ್ಡ ಟ್ಯಾಂಕ್. ಭಾರ ಎರಡು ಆಕ್ಸಲ್‌ಗಳ ನಡುವೆ, ಕೆಳಗೆ ಕೂರುತ್ತೆ. ಪಂಪ್, ಸ್ವಿಚ್ ತಲೆನೋವಿಲ್ಲ. ಮೊದಲ ಸಲ ತುಂಬಿಸುವಾಗ ಒಂದು ವಿಷಯ ಗಮನಿಸುತ್ತೀರಿ: ಟ್ಯಾಂಕ್ ಇನ್ನೂ ತುಂಬಿರುವುದಿಲ್ಲ, ನಾಜಲ್ ಟಕ್ ಅಂತ ನಿಲ್ಲುತ್ತೆ. ಒಳಗಿನ ಗಾಳಿ ಹೊರಗೆ ಬರಲು ಹೊತ್ತು ಬೇಕು. ನಿಧಾನಕ್ಕೆ ಬಿಡಿ, ನಿಂತರೆ ಸ್ವಲ್ಪ ಕಾಯಿರಿ, ಮತ್ತೆ ಬಿಡಿ. ಅವಸರದಲ್ಲಿ ಬಂದುಬಿಟ್ಟರೆ 140 ಇದೆ ಅಂದುಕೊಂಡು 120ರಲ್ಲಿ ಹೊರಟಿರುತ್ತೀರಿ. ಡೀಸೆಲ್ ಮಟ್ಟ ತೋರಿಸುವ ಮುಳ್ಳನ್ನೂ ಪೂರ್ತಿ ನಂಬಬೇಡಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ ಕಿಲೋಮೀಟರ್ ನೋಡಿ.

ಎರಡನೇ ಟ್ಯಾಂಕನ್ನು ಬೇರೆಯಾಗಿ ಕೂರಿಸಿ ಪಂಪಿನಿಂದ ಮೇನ್ ಟ್ಯಾಂಕಿಗೆ ಬಿಡುವ ವ್ಯವಸ್ಥೆಯೂ ಇದೆ. ಅದನ್ನು ಹಾಕಿಸಿದರೆ ಮೇನ್ ಟ್ಯಾಂಕ್ ಅರ್ಧಕ್ಕೆ ಇಳಿದಾಗಲೇ ಪಂಪ್ ಹಾಕಿ ನೋಡಿ. ಕೆಲಸ ಮಾಡದಿದ್ದರೆ ವಾಪಸ್ ಬರಲು ಎಣ್ಣೆ ಉಳಿದಿರುತ್ತೆ. ಸ್ವಿಚ್ ಹಾಕಿ ಮರೆತರೆ ಮೇನ್ ತುಂಬಿ ಹೊರಗೆ ಚೆಲ್ಲುತ್ತೆ. ಟ್ರೇ ಮೇಲೆ ಪಟ್ಟಿ ಬಿಗಿದು ಇಡುವ ಪ್ಲಾಸ್ಟಿಕ್ ಡೀಸೆಲ್ ಟ್ಯಾಂಕ್‌ಗಳು ಹೊಲ ಗದ್ದೆ ಕೆಲಸಕ್ಕೆ ಚೆನ್ನ. ಸಂಸಾರದ ಪ್ರವಾಸಕ್ಕೆ ನನಗೆ ಇಷ್ಟವಿಲ್ಲ, ಭಾರವೆಲ್ಲ ಎತ್ತರದಲ್ಲಿ, ಹಿಂದಕ್ಕೆ ಬೀಳುತ್ತೆ. ಅದರ 12 ವೋಲ್ಟ್ ಡೀಸೆಲ್ ಪಂಪಿಗೆ ಯಾವತ್ತೂ ಪೆಟ್ರೋಲ್ ತೋರಿಸಬೇಡಿ. ಪೆಟ್ರೋಲ್ ಆವಿಗೆ ಸಣ್ಣ ಕಿಡಿ ಸಾಕು.

ಯಾವುದೇ ಹಾಕಿಸಿ, ಫಿಟ್ಟಿಂಗ್ ಆದಮೇಲೆ ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿ. ಒಂದು ಸಲ ನಮ್ಮ ಜೊತೆ ಬಂದಿದ್ದ ಗೆಳೆಯರ ಗಾಡಿಯಿಂದ ವಾರ್‌ಬರ್ಟನ್ ದಾಟಿದ ಮೇಲೆ ಡೀಸೆಲ್ ವಾಸನೆ ಬರತೊಡಗಿತು. ಅಲ್ಲಿನ ರಸ್ತೆ ತಗಡಿನ ಶೀಟಿನ ಹಾಗೆ ಅಲೆ ಅಲೆ, ಗಾಡಿ ದಿನವಿಡೀ ನಡುಗುತ್ತಲೇ ಇರುತ್ತೆ. ಗಾಳಿ ಹೋಗುವ ರಬ್ಬರ್ ಪೈಪನ್ನು ಕ್ಲಿಪ್ ಹಾಕದೆ ಬಿಟ್ಟಿದ್ದರು, ಅದು ಚಾಸಿಯ ಅಂಚಿಗೆ ಉಜ್ಜಿ ಉಜ್ಜಿ ಸೀಳಿಹೋಗಿತ್ತು. ಕೆಂಪು ಧೂಳು ಎಣ್ಣೆಯಲ್ಲಿ ನೆನೆದು ಟ್ಯಾಂಕಿನ ಪಕ್ಕಕ್ಕೆ ಕಪ್ಪಗೆ ಮೆತ್ತಿಕೊಂಡಿತ್ತು. ಸೀಳಿದ ತುದಿ ಕತ್ತರಿಸಿ, ಹೊಸದಾಗಿ ಕ್ಲಿಪ್ ಹಾಕಿ ಮುಂದೆ ಹೋದೆವು. ಹಾಗಾಗಿ ಹೊಸ ಟ್ಯಾಂಕ್ ಹಾಕಿಸಿದವರು ಮೊದಲು ಹತ್ತಿರದ ಮಣ್ಣುದಾರಿಯಲ್ಲಿ ಓಡಿಸಿ ನೋಡಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ, ನಮ್ಮ ರಾಜ್ಯದಲ್ಲಿ ಎಂಜಿನಿಯರ್ ಒಪ್ಪಿಗೆ ಬೇಕಾ ಅಂತ ಫಿಟ್ಟರ್ ಹತ್ತಿರ ಬರವಣಿಗೆಯಲ್ಲಿ ಕೇಳಿ.

ಅಪರೂಪಕ್ಕೆ ಒಂದು ಸಲ ಒಳಗೆ ಹೋಗುವವರಿಗೆ ಎರಡು ಜೆರ್ರಿ ಕ್ಯಾನ್ ಸಾಕು. ಆಸ್ಟ್ರೇಲಿಯನ್ ಸ್ಟ್ಯಾಂಡರ್ಡ್ ಗುರುತಿರುವ ಹಳದಿ ಕ್ಯಾನ್ ಡೀಸೆಲ್‌ಗೆ, ಕೆಂಪು ಪೆಟ್ರೋಲ್‌ಗೆ. ಕ್ಯಾಬಿನ್ ಒಳಗೆ ಬೇಡವೇ ಬೇಡ. ಬಂಕಿನಲ್ಲಿ ಕ್ಯಾನನ್ನು ಟ್ರೇಯಿಂದ ಕೆಳಗಿಳಿಸಿ, ನೆಲದ ಮೇಲಿಟ್ಟು ತುಂಬಿಸಿ. ಪ್ಲಾಸ್ಟಿಕ್ ಹಾಸಿನ ಮೇಲೆ ಇಟ್ಟು ತುಂಬಿಸಿದರೆ ಸ್ಟ್ಯಾಟಿಕ್ ಕಿಡಿ ಹಾರಬಹುದು. ಮೇನ್ ಟ್ಯಾಂಕಿನಲ್ಲಿ ಜಾಗ ಆದ ಕೂಡಲೇ ಕ್ಯಾನ್ ಸುರಿದುಬಿಡಿ, ಭಾರ ಕೆಳಗಿಳಿಯುತ್ತೆ. ಪೆಟ್ರೋಲ್ ಗಾಡಿಯವರಿಗೆ ಇನ್ನೊಂದು ಮಾತು: ಒಳನಾಡಿನ ಎಷ್ಟೋ ಊರುಗಳಲ್ಲಿ ಸಿಗುವುದು ಓಪಲ್ ಅನ್ನುವ ಪೆಟ್ರೋಲ್. ಪೆಟ್ರೋಲ್ ಮೂಸುವ ಚಟದಿಂದ ಹುಡುಗರು ಹಾಳಾಗುತ್ತಿದ್ದರು, ಅದನ್ನು ತಡೆಯಲು 2005ರಿಂದ ತಂದದ್ದು. ಸಾಮಾನ್ಯ ಅನ್‌ಲೆಡೆಡ್ ಗಾಡಿ ಅದರಲ್ಲಿ ಓಡುತ್ತೆ. ಅಂಥ ಊರಿಗೆ ಬೇರೆ ಪೆಟ್ರೋಲ್ ಕ್ಯಾನ್ ಹೊತ್ತುಕೊಂಡು ಹೋಗಬೇಡಿ.

ಜುಲೈ ಪ್ರವಾಸಕ್ಕೆ ಎರಡು ಸಾವಿರ ಡಾಲರ್ ಟ್ಯಾಂಕಿಗೆ ಹಾಕಬೇಡಿ. ಒಳ್ಳೆ ಟೈರು, ಸರ್ವೀಸು, ಫೋನ್ ಸಿಗ್ನಲ್ ಇಲ್ಲದ ಕಡೆಯೂ ಮೆಸೇಜ್ ಕಳಿಸುವ ಒಂದು ಸ್ಯಾಟಲೈಟ್ ಮೆಸೆಂಜರ್‌ಗೆ ಹಾಕಿ. ಸ್ವಲ್ಪ ನಗದು ಇಟ್ಟುಕೊಳ್ಳಿ, ಕಾರ್ಡ್ ಮಷಿನ್ ಕೈಕೊಡುವ ಜಾಗಗಳಿವೆ. ಸಂಜೆ ಹೊತ್ತಿಗೆ ತಂಗುವ ಜಾಗ ಸೇರಿಕೊಳ್ಳಿ, ಕತ್ತಲಾದರೆ ಕಾಂಗರೂ ಮತ್ತು ದನ ರಸ್ತೆಗೆ ಬರುತ್ತವೆ. ಹೊರಡುವ ಹಿಂದಿನ ವಾರ ಎಲ್ಲ ಸಾಮಾನು, ನಾಲ್ಕೂ ಜನ, ಫುಲ್ ಟ್ಯಾಂಕ್ ಸಮೇತ ಒಂದು ವೇಬ್ರಿಡ್ಜ್‌ಗೆ ಹೋಗಿ. ಮುಂದಿನ ಚಕ್ರ ಮಾತ್ರ ಇಟ್ಟು ಒಂದು ಸಲ, ಪೂರ್ತಿ ಗಾಡಿ ಒಂದು ಸಲ, ಹಿಂದಿನ ಚಕ್ರ ಮಾತ್ರ ಒಂದು ಸಲ ತೂಗಿಸಿ. ಆ ಚೀಟಿಯ ಫೋಟೋ ನನಗೆ ಕಳಿಸಿ, ಗ್ರೇಟ್ ಸೆಂಟ್ರಲ್ ರೋಡಿಗೆ ಎಷ್ಟು ಲೀಟರ್ ಸೇರಿಸಬಹುದು ಅಂತ ಇಬ್ಬರೂ ಕೂತು ಲೆಕ್ಕ ಹಾಕೋಣ.