ಎನುಗು ಊರನ್ನು ಕಟ್ಟಿದವರು ಯಾರು?

ಪತ್ರ: ಎನುಗು ಬಗ್ಗೆ ನಿಮ್ಮ ಲೇಖನದಲ್ಲಿ ಗೋಲಿಬಾರಿನ ಕಥೆಯೇ ಜಾಸ್ತಿ ಆಯಿತು. ಬ್ರಿಟಿಷರು ಕಲ್ಲಿದ್ದಲು ಹುಡುಕಿ ರೈಲು ಹಾಕದಿದ್ದರೆ ನೈಜೀರಿಯಾದಲ್ಲಿ ಆ ಊರೇ ಹುಟ್ಟುತ್ತಿರಲಿಲ್ಲ, ಅಲ್ವಾ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅಷ್ಟು ದೂರದ ಊರಿಗಾಗಿ ಜಗಳ ತೆಗೆದಿದ್ದೀರಲ್ಲ, ನಿಮ್ಮಂಥ ಓದುಗರು ಸಿಕ್ಕಿದ್ದು ನಮ್ಮ ಭಾಗ್ಯ. ನಿಮ್ಮ ಮಾತಿನಲ್ಲಿ ಸತ್ಯ ಇದೆ. 1909ರಲ್ಲಿ ಎನುಗು ಪಕ್ಕದ ಉಡಿ ಬೆಟ್ಟಗಳಲ್ಲಿ ಕಲ್ಲಿದ್ದಲು ಪತ್ತೆ ಮಾಡಿದ್ದು ಬ್ರಿಟಿಷ್ ಭೂವಿಜ್ಞಾನಿಗಳೇ. 1915ರಲ್ಲಿ ಗಣಿ ಶುರುವಾಯಿತು, ಮರುವರ್ಷ ಪೋರ್ಟ್ ಹಾರ್ಕೋರ್ಟ್ ಬಂದರಿನಿಂದ ರೈಲೂ ಬಂತು.

ಆದರೆ ಸ್ವಾಮಿ, ಪತ್ತೆ ಮಾಡಿದವರು ಅಗೆಯಲಿಲ್ಲ. ಆಳು ಬೇಕಾದಾಗ ಸರ್ಕಾರ ತಾನೇ ನೇಮಿಸಿದ ಮುಖಂಡರಿಗೆ ಹೇಳಿ ಕಳಿಸಿತು. ಅವರು ಸುತ್ತಲಿನ ಇಗ್ಬೋ ಜನಾಂಗದ ಹಳ್ಳಿಗಳಿಂದ ಗಂಡಸರನ್ನು ಬಲವಂತವಾಗಿ ಗಣಿಗೆ ಅಟ್ಟಿದರು. ಎಕೆ ಊರಿನ ಮುಖಂಡ ಒನ್ಯೆಯಾಮ ಇದರಲ್ಲಿ ದೊಡ್ಡ ಹೆಸರು. ಒಳಗೆ ಪಿಕಾಸಿ ಹಿಡಿದು ಕಲ್ಲಿದ್ದಲು ಕಡಿಯುವವರು ಒಂದು ಗುಂಪು. ಅದನ್ನು ತೊಟ್ಟಿಗಾಡಿಗೆ ತುಂಬಿ ಹಳಿ ಮೇಲೆ ತಳ್ಳುವವರು ಇನ್ನೊಂದು. ನೈಜೀರಿಯಾದ ರೈಲು ಓಡಿದ್ದು ಇವರು ಕಡಿದ ಕಲ್ಲಿದ್ದಲಿನಿಂದ.

ಗೋಲಿಬಾರಿನ ಬಗ್ಗೆ ಯಾಕೆ ಅಷ್ಟು ಬರೆದೆವು ಅಂತ ಕೇಳಿದಿರಿ. 1949ರ ನವೆಂಬರ್‌ನಲ್ಲಿ ಬಾಕಿ ಕೂಲಿ ಕೇಳಿ ಕಾರ್ಮಿಕರು ನಿಧಾನವಾಗಿ ಕೆಲಸ ಮಾಡತೊಡಗಿದರು. ಆಡಳಿತ ಹಲವರನ್ನು ಕೆಲಸದಿಂದ ತೆಗೆಯಿತು. 18ರಂದು ಇವಾ ಕಣಿವೆಯ ಗಣಿಯಿಂದ ಸ್ಫೋಟಕಗಳನ್ನು ಸಾಗಿಸಲು ಪೊಲೀಸರು ಬಂದರು. ಸ್ಫೋಟಕ ಹೋದರೆ ಗಣಿಗೆ ಬೀಗ ಬೀಳುತ್ತದೆ ಅನ್ನೋದು ಕಾರ್ಮಿಕರ ಭಯ. ಅವರು ಮೈಮೇಲೆ ಕೆಂಪು ಬಟ್ಟೆಯ ಚೂರು ಕಟ್ಟಿಕೊಂಡು, ಹಾಡುತ್ತಾ ಕುಣಿಯುತ್ತಾ ನಿಂತಿದ್ದರು. ಕೈಯಲ್ಲಿ ಬಂದೂಕು ಇರಲಿಲ್ಲ. ಬ್ರಿಟಿಷ್ ಅಧಿಕಾರಿ ಗುಂಡು ಹಾರಿಸಲು ಹೇಳಿದ. 21 ಜನ ಸತ್ತರು, 51 ಜನ ಗಾಯಗೊಂಡರು. ತನಿಖಾ ಆಯೋಗದ ಪ್ರಕಾರ ಅಧಿಕಾರಿಯದು ಬರೀ ತಪ್ಪು ತೀರ್ಮಾನ! ಅದನ್ನು ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಮುಂದೆ 1956ರಲ್ಲಿ ನೈಜೀರಿಯಾದ ದಕ್ಷಿಣದ ಒಲೊಯಿಬಿರಿಯಲ್ಲಿ ಪೆಟ್ರೋಲಿಯಂ ಸಿಕ್ಕಿತು, ರೈಲು ಡೀಸೆಲ್‌ಗೆ ತಿರುಗಿತು, ಕಲ್ಲಿದ್ದಲನ್ನು ಕೇಳುವವರು ಕಮ್ಮಿಯಾದರು. 1967ರಲ್ಲಿ ಎನುಗು, ನೈಜೀರಿಯಾದಿಂದ ಬೇರೆಯಾಗಲು ಹೊರಟ ಬಯಾಫ್ರಾದ ರಾಜಧಾನಿಯಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನೈಜೀರಿಯಾದ ಸೇನೆ ಊರನ್ನು ಹಿಡಿಯಿತು. ಗಣಿಗಳಿಗೆ ಹಳೆಯ ದಿನಗಳು ಮತ್ತೆ ಬರಲಿಲ್ಲ.

ನಿವೃತ್ತ ಎಂಜಿನಿಯರ್ ಗೆಳೆಯರೊಬ್ಬರು ನಿಮ್ಮ ಮಾತನ್ನೇ ನನಗೆ ಹೇಳಿದ್ದರು. ‘ನೀವು ಕಟ್ಟಿಸಿದ ಸೇತುವೆಗೆ ಕಾಂಕ್ರೀಟ್ ಹೊತ್ತವರ ಹೆಸರು ಹೇಳಿ’ ಅಂತ ಅವರಿಗೆ ಅಂದೆ. ಒಂದೂ ನೆನಪಿರಲಿಲ್ಲ. ಅವರು ಒಳ್ಳೆಯವರೇ, ನೀವೂ ಒಳ್ಳೆಯವರೇ. ನಾವು ಕಲಿತ ರೀತಿಯೇ ಹಾಗಿದೆ. ಅಣೆಕಟ್ಟಿನ ಕಲ್ಲಿನ ಮೇಲೆ ಮಂತ್ರಿಯ ಹೆಸರು, ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ‘ಕಂಡುಹಿಡಿದವರು ಯಾರು?’ ಅನ್ನೋ ಪ್ರಶ್ನೆ. ಅಗೆದವರು ಯಾರು ಅಂತ ಯಾವ ಪರೀಕ್ಷೆಯಲ್ಲೂ ಕೇಳುವುದಿಲ್ಲ. ನಮ್ಮ ಪತ್ರಿಕೆಯಲ್ಲಿ ಕೇಳುತ್ತೇವೆ. ಅದಕ್ಕೆ ಪುಟ ಜಾಸ್ತಿ ಹಿಡಿದರೆ ಹಿಡಿಯಲಿ.