ಆ ಒಂದು ಪದ ತೆಗೆದು ಬರೆಯಿರಿ

ನಮಸ್ಕಾರ,

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ತೊಂದರೆ ಇರುವುದು ಬೇರೆ ಕಡೆ.

ನಿಮ್ಮ ಹುಡುಗನಿಗೆ ಯಾರೋ ಕಿವಿಯಲ್ಲಿ 'ಕೊಲ್ಲು' ಅಂದ ಹಾಗೆ ಕೇಳಿಸುತ್ತದೆ. ಅದೇ ಹುಡುಗ ತಿಂಗಳುಗಟ್ಟಲೆ ಲೆಕ್ಕ ಹಾಕಿ, ನಗುನಗುತ್ತಾ ಎಲ್ಲರನ್ನೂ ನಂಬಿಸಿ ಕೊಲೆ ಮಾಡುತ್ತಾನೆ. ಕೊನೆಗೆ ಡಾಕ್ಟರು ಐದು ನಿಮಿಷ ಮಾತಾಡಿಸಿ 'ಇವನು ಸೈಕೋಪಾತ್' ಅನ್ನುತ್ತಾರೆ. ಎರಡು ಬೇರೆ ಬೇರೆ ವಿಷಯ ಇಲ್ಲಿ ಕಲಸಿಹೋಗಿವೆ. ಇಲ್ಲದ ದನಿ ಕೇಳಿಸುವುದು ಸೈಕೋಸಿಸ್‌ನ ಲಕ್ಷಣ. ಅಂದರೆ ಯಾವುದು ನಿಜ, ಯಾವುದು ಭ್ರಮೆ ಅನ್ನುವ ಅರಿವೇ ತಪ್ಪುವ ಸ್ಥಿತಿ ಅದು. ಸೈಕೋಪಥಿ ವ್ಯಕ್ತಿತ್ವದ ವಿಚಾರ. ಅಲ್ಲಿ ಯಾವುದು ನಿಜ, ಯಾವುದು ಸುಳ್ಳು ಅನ್ನುವ ಅರಿವು ಸರಿಯಾಗೇ ಇರುತ್ತದೆ. ಇನ್ನೊಬ್ಬರ ನೋವು ಮಾತ್ರ ತಟ್ಟುವುದಿಲ್ಲ. ನಾವು ಎರಡಕ್ಕೂ ಸುಮ್ನೆ 'ಸೈಕೋ' ಅಂದುಬಿಡುತ್ತೇವೆ, ಅಲ್ವಾ?

ಆ ಡಾಕ್ಟರನ್ನಂತೂ ತೆಗೆಯಲೇಬೇಕು. ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಸೈಕೋಪಥಿ ಅಳೆಯಲೆಂದೇ ಮಾಡಿದ ಪಟ್ಟಿಯಲ್ಲಿ 20 ಅಂಶಗಳಿವೆ. ಒಂದೊಂದಕ್ಕೂ 0, 1 ಅಥವಾ 2 ಅಂಕ, ಒಟ್ಟು 40. ತರಬೇತಿ ಪಡೆದವರು ತುಂಬಾ ಹೊತ್ತು ಮಾತಾಡಿಸಿ, ಹಳೆಯ ದಾಖಲೆಗಳನ್ನೆಲ್ಲ ತಿರುವಿಹಾಕಿ ಅಂಕ ಕೊಡುತ್ತಾರೆ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂನಲ್ಲಿ ಸೈಕೋಪಥಿ ಅನ್ನುವ ಪ್ರತ್ಯೇಕ ಕಾಯಿಲೆಯೇ ಇಲ್ಲ. ಅದರಲ್ಲಿರುವುದು ಸಮಾಜವಿರೋಧಿ ವ್ಯಕ್ತಿತ್ವ ದೋಷ. ಅದನ್ನೂ 18 ತುಂಬದವರಿಗೆ ಹೇಳುವ ಹಾಗಿಲ್ಲ. ನಿಮ್ಮ ಹುಡುಗನಿಗೆ 16.

ಇದು ನನಗೆ ಬರೀ ಮಾಹಿತಿಯ ತಪ್ಪಾಗಿ ಕಾಣಲಿಲ್ಲ. ನನಗೆ ಹತ್ತಿರದವರೊಬ್ಬರು 15 ವರ್ಷದಿಂದ ಸ್ಕಿಜೋಫ್ರೇನಿಯಾಕ್ಕೆ, ಅಂದರೆ ಸೈಕೋಸಿಸ್ ಕಾಣಿಸಿಕೊಳ್ಳುವ ಒಂದು ಮಾನಸಿಕ ಕಾಯಿಲೆಗೆ, ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಅವರಿಗೂ ದನಿಗಳು ಕೇಳಿಸುತ್ತಿದ್ದವು. ಯಾರ ಮೇಲೂ ಕೈ ಎತ್ತಿದವರಲ್ಲ. ಬಾಡಿಗೆ ಮನೆ ಮಾತ್ರ ಎರಡು ಸಲ ಕೈ ತಪ್ಪಿತು. ಇಂಥ ಕಾಯಿಲೆ ಇರುವವರು ಹಿಂಸೆ ಮಾಡುವುದಕ್ಕಿಂತ ಹಿಂಸೆ ಅನುಭವಿಸುವುದೇ ಜಾಸ್ತಿ. ಸೈಕೋಪಥಿ ಇರುವವರೂ ಎಲ್ಲರೂ ಕೊಲೆಗಾರರಲ್ಲ.

ಇನ್ನೊಂದು ಗಮನಿಸಿ. 'ಸೈಕೋಪಾತ್' ಅನ್ನುವ ಆ ಪದ ಬಂದ ಮೇಲೆ ನಿಮ್ಮ ಕಥೆಯಲ್ಲಿ ಯಾರೂ ಏನೂ ಕೇಳುವುದೇ ಇಲ್ಲ. ಪೊಲೀಸರು ಕೇಳುವುದಿಲ್ಲ, ಅಪ್ಪ ಕೇಳುವುದಿಲ್ಲ, ನೀವೂ ಕೇಳುವುದಿಲ್ಲ.

ಮೂರನೇ ಪುಟದಲ್ಲಿ ತಂಗಿ ಮೆಟ್ಟಿಲಿಂದ ಬಿದ್ದು ಅಳುತ್ತಿದ್ದಾಳೆ. ಅವನು ಅವಳನ್ನು ದಾಟಿ ಬಂದು, ಅವಳ ಕಾಲಿಂದ ಕಳಚಿ ಬಿದ್ದ ಚಪ್ಪಲಿಗಳನ್ನು ನೀಟಾಗಿ ಜೋಡಿಸಿಟ್ಟು ಒಳಗೆ ಹೋಗುತ್ತಾನೆ. ಓದಿ ಮೈ ಜುಮ್ ಅಂತು. ಅಲ್ಲಿ ಯಾವ ಹೆಸರೂ ಇಲ್ಲ, ಬೇಕಾಗಿಯೂ ಇಲ್ಲ.

ದನಿಗಳನ್ನು ಬಿಡಿ. ಆ ಚಪ್ಪಲಿಯಿಂದ ಶುರು ಮಾಡಿ ಮತ್ತೆ ಬರೆದು ಕಳಿಸಿ. ನಾನೇ ಓದುತ್ತೇನೆ.

ಸಂಪಾದಕ