ಊರಿಗೆ ಹೋಗಿಬಿಡ್ತೀನಿ ಅಂದವರು: ಒಂದು ಆಪ್ತಸಲಹೆ ಪ್ರಕರಣ

(ಸಂಬಂಧಪಟ್ಟವರ ಒಪ್ಪಿಗೆ ಪಡೆದು ಬರೆದದ್ದು. ಹೆಸರು, ಉದ್ಯೋಗ, ಇಸವಿ, ಕುಟುಂಬದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಸೀಮೆಯನ್ನು ಮಾತ್ರ ಹಾಗೇ ಉಳಿಸಿದ್ದೇನೆ, ಅದಿಲ್ಲದೆ ವಿಷಯ ಅರ್ಥವಾಗುವುದಿಲ್ಲ.)

ಮೊದಲು ಬಂದವರು ಶ್ರೀಧರ ಅಲ್ಲ, ಅವರ ಹೆಂಡತಿ ಸುಮಾ. ಖಾಸಗಿ ಶಾಲೆಯಲ್ಲಿ ಟೀಚರ್. ಗಂಡ ಕುಡಿಯುವುದಿಲ್ಲ, ಕೈ ಎತ್ತುವುದಿಲ್ಲ, ಸಂಬಳ ತಂದು ಮನೆಗೇ ಹಾಕುತ್ತಾರೆ ಎಂದೆಲ್ಲ ಮೊದಲೇ ಹೇಳಿಕೊಂಡರು. ಗಂಡನ ಬಗ್ಗೆ ದೂರು ತಂದ ನಮ್ಮ ಹೆಣ್ಣುಮಕ್ಕಳು ಹೀಗೊಂದು ಪೀಠಿಕೆ ಹಾಕದೆ ಮಾತು ಶುರುಮಾಡುವುದು ಅಪರೂಪ. ಆಮೇಲೆ ಹೇಳಿದರು: "ಎರಡು ವರ್ಷದಿಂದ ಇವರು ನಮ್ಮ ಜೊತೆ ಇಲ್ಲ ಮೇಡಂ. ನಾಲ್ಕನೇ ಕ್ಲಾಸಲ್ಲಿ ಇದ್ದಾರೆ."

ರಾತ್ರಿ ಎಲ್ಲರೂ ಮಲಗಿದ ಮೇಲೆ ಶ್ರೀಧರ ಫೋನು ಹಿಡಿದು ಕೂರುತ್ತಾರೆ. ದೂರದರ್ಶನದ ಹಳೇ ಜಾಹೀರಾತುಗಳು, ಹಳೇ ಕಾರ್ಯಕ್ರಮಗಳ ತುಣುಕುಗಳು, ಪ್ರೈಮರಿ ಶಾಲೆ ಗೆಳೆಯರ ವಾಟ್ಸಾಪ್ ಗುಂಪು. ಮಲಗುವಾಗ ಒಂದೂವರೆ, ಎರಡು ಗಂಟೆ. ಆನ್‌ಲೈನಲ್ಲಿ ಬುಗುರಿ, ಗೋಲಿ, ತಗಡಿನ ಜಾಮಿಟ್ರಿ ಬಾಕ್ಸ್ ತರಿಸಿ ಬೀರುವಿನಲ್ಲಿ ಇಟ್ಟುಕೊಂಡಿದ್ದಾರೆ. ಮಗ ಮೊಬೈಲ್ ಮುಟ್ಟಿದರೆ "ನಿನ್ನ ವಯಸ್ಸಲ್ಲಿ ನಾವು..." ಅಂತ ಶುರು. "ಇವರ ಬಾಯಲ್ಲಿ ಒಳ್ಳೇ ದಿನ ಅಂದ್ರೆ ಎಲ್ಲಾ ನಾನು ಬರೋಕೆ ಮುಂಚೆದು. ಹದಿನಾರು ವರ್ಷ ಸಂಸಾರ ಮಾಡಿದ್ದು ಲೆಕ್ಕಕ್ಕೇ ಇಲ್ವಾ?" ಎಂದರು ಸುಮಾ. ಅದನ್ನೂ ಹೇಗೋ ಸಹಿಸಿದ್ದರಂತೆ. ಆದರೆ ಒಂದು ರಾತ್ರಿ ಊಟಕ್ಕೆ ಕೂತಾಗ ಹತ್ತು ವರ್ಷದ ಮಗ "ನಂದು ವೇಸ್ಟ್ ಚೈಲ್ಡ್‌ಹುಡ್ ಅಲ್ವಾ ಅಮ್ಮ?" ಎಂದು ಕೇಳಿದ. ಆ ವಾರವೇ ನನ್ನಲ್ಲಿಗೆ ಬಂದರು.

ಇನ್ನೊಂದು ಕಾರಣವೂ ಇತ್ತು. ಶ್ರೀಧರ ಅವರದು ತಿಪಟೂರು–ಅರಸೀಕೆರೆ ನಡುವಿನ ಒಂದು ಹಳ್ಳಿ. ಅವರ ತಂದೆ 1999ರಲ್ಲಿ ಕೆರೆ ಕೆಳಗಿನ 1 ಎಕರೆ 10 ಗುಂಟೆ ತೆಂಗಿನ ತೋಟ ಮಾರಿದ್ದರು. ಕೊಂಡವರ ಮಗ ಈಗ ಅದನ್ನು ಮಾರಲು ಹೊರಟಿದ್ದ. ಕೆಲಸಕ್ಕೆ ರಾಜೀನಾಮೆ ಕೊಟ್ಟು, ಪಿ.ಎಫ್. ಹಣ ತೆಗೆದು ತೋಟ ಬಿಡಿಸಿಕೊಂಡು ಊರಿಗೆ ಹೋಗಿಬಿಡುವುದು ಶ್ರೀಧರ ಅವರ ಯೋಚನೆ. ಬೆಂಗಳೂರಿನ ಫ್ಲಾಟಿನ ಸಾಲ ಇನ್ನೂ 11 ವರ್ಷ ಬಾಕಿ. ಮಗಳು ಒಂಬತ್ತನೇ ತರಗತಿ.

ಶ್ರೀಧರ ಬಂದರು. ನಲವತ್ತನಾಲ್ಕು ವರ್ಷ, ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿ ಮ್ಯಾನೇಜರ್. ಅಚ್ಚುಕಟ್ಟು ಮನುಷ್ಯ. "ನನಗೇನೂ ಕಾಯಿಲೆ ಇಲ್ಲ ಮೇಡಂ, ಹಳೇದು ನೆನಪಾಗೋದು ತಪ್ಪಾ?" ಎಂದು ಕೇಳಿಕೊಂಡೇ ಕೂತರು.

ತಪ್ಪಲ್ಲ ಎಂದೆ. ಹಿಂದೊಮ್ಮೆ ಅದನ್ನು ರೋಗವೆಂದೇ ತಿಳಿದಿದ್ದರು. 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ಸ್ವಿಸ್ ವೈದ್ಯ, ದೂರದೇಶದಲ್ಲಿದ್ದ ತನ್ನ ನಾಡಿನವರು ಊರ ಹಂಬಲದಿಂದ ಊಟ ನಿದ್ದೆ ಬಿಟ್ಟು ಸೊರಗುವುದನ್ನು ಕಾಯಿಲೆಯಾಗಿ ವರ್ಣಿಸಿದ. ಇಂದಿನ ಮನಃಶಾಸ್ತ್ರ ಹಾಗೆ ಹೇಳುವುದಿಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಸುಮಾರು ಇಪ್ಪತ್ತು ವರ್ಷಗಳಿಂದ ಈ ವಿಷಯದ ಬೆನ್ನು ಹತ್ತಿದ್ದಾರೆ. ಮನಸ್ಸು ಕುಗ್ಗಿದಾಗ, ಒಂಟಿ ಎನಿಸಿದಾಗ ಹಳೆಯ ನೆನಪು ಹೆಚ್ಚು ಬರುತ್ತದೆ. ಬಂದಾಗ ಅದು ಬಹುಮಟ್ಟಿಗೆ ಸಮಾಧಾನವನ್ನೇ ಕೊಡುತ್ತದೆ, ನಮ್ಮವರು ಅಂತ ಇದ್ದಾರೆ ಎನ್ನುವ ಭಾವನೆ ಗಟ್ಟಿಯಾಗುತ್ತದೆ ಎಂಬುದು ಅವರು ಕಂಡದ್ದು. ಹಾಗಾಗಿ ನೆನಪನ್ನು ನಿಲ್ಲಿಸಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಯಾವ ಒಂಟಿತನ ಅದನ್ನು ಕರೆಯುತ್ತಿದೆ ಎಂದು ಹುಡುಕುತ್ತೇನೆ.

ಅದಕ್ಕೆ ಮೊದಲು ಮಾಡಲೇಬೇಕಾದ ಕೆಲವು ಕೆಲಸಗಳಿವೆ. ನಿದ್ದೆ, ಹಸಿವು, ಆಫೀಸಿನ ಆಸಕ್ತಿ, ಬದುಕು ಸಾಕೆನಿಸಿದೆಯೇ ಎಂಬುದನ್ನೆಲ್ಲ ನೇರವಾಗಿ ಕೇಳಿದೆ. ಖಿನ್ನತೆ ಅಳೆಯುವ ಪಿಎಚ್‌ಕ್ಯೂ–9 ಪ್ರಶ್ನಾವಳಿಯಲ್ಲಿ 8 ಅಂಕ ಬಂತು. 5ರಿಂದ 9 ಅಂದರೆ ಸೌಮ್ಯ. ಸಾವಿನ ಯೋಚನೆ ಇರಲಿಲ್ಲ. ಥೈರಾಯ್ಡ್, ಸಕ್ಕರೆ ನೋಡಿಸಿಕೊಂಡು ಬರಲು ಅವರ ಡಾಕ್ಟರ ಹತ್ತಿರ ಕಳಿಸಿದೆ. ಎರಡೂ ಸರಿಯಿತ್ತು.

ನಂತರದ ಭೇಟಿಯಲ್ಲಿ ಕೇಳಿದೆ: "ಬಾಲ್ಯ ಬೇಡ, ಒಂದು ದಿನ ಹೇಳಿ. ಬೆಳಗಿನಿಂದ ರಾತ್ರಿವರೆಗೆ." ಅವರು 1991ರ ಏಪ್ರಿಲ್ 10 ಆರಿಸಿಕೊಂಡರು. ನಮ್ಮ ರಾಜ್ಯದ ಶಾಲೆಯಲ್ಲಿ ಓದಿದವರಿಗೆ ಆ ತಾರೀಕನ್ನು ವಿವರಿಸಬೇಕಾಗಿಲ್ಲ. ಪಾಸಾದ ಸುದ್ದಿ, ಮೇಷ್ಟ್ರ ಮನೆಗೆ ಕಲ್ಲುಸಕ್ಕರೆ, ಅಲ್ಲಿಂದ ನೇರ ತೋಟದ ಬಾವಿಗೆ. ಒಣ ಸೋರೆಬುರುಡೆ ಬೆನ್ನಿಗೆ ಕಟ್ಟಿಕೊಂಡು ಈಜು. ಮಧ್ಯಾಹ್ನ ಮರಕೋತಿ, ಸಂಜೆ ಚಿನ್ನಿದಾಂಡು. ಮೊಣಕಾಲು ತರಚಿದ್ದಕ್ಕೆ ತುಂಬೆಸೊಪ್ಪಿನ ರಸ. ರಾತ್ರಿ ಜಗಲಿ ಮೇಲೆ ಚಾಪೆ, ಒಳಗಿನಿಂದ ರೇಡಿಯೊದ ಪ್ರದೇಶ ಸಮಾಚಾರ, ಅಟ್ಟದ ಮೇಲೆ ತುಂಬಿಟ್ಟ ಕಾಯಿಗಳ ವಾಸನೆ. "ಏನೂ ಚಿಂತೆ ಇರ್ಲಿಲ್ಲ ಮೇಡಂ. ಒಂದೂ."

ಅಟ್ಟದ ಬಗ್ಗೆ ಮತ್ತೆ ಕೇಳಿದೆ. ಆ ಸೀಮೆಯವರಿಗೆ ಅಟ್ಟವೆಂದರೆ ಬ್ಯಾಂಕು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿಟ್ಟರೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಅದನ್ನು ತಿಪಟೂರು ಮಾರುಕಟ್ಟೆಗೆ ಹಾಕಿದ ಮೇಲೇ ದುಡ್ಡು. ಒಂದು ವರ್ಷ ಕಾಯಬೇಕಾದ ದುಡ್ಡು. ಅಲ್ಲಿಯವರೆಗೆ ಮನೆ ನಡೆಯುತ್ತಿದ್ದುದು ಹೇಗೆ?

ಶ್ರೀಧರ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದು ಮೋಟಾರ್‌ಬೈಕು ನೆನಪಾಯಿತು. ಅದರ ಯಜಮಾನ, ಅಪ್ಪನಿಗೆ ಸಾಲ ಕೊಟ್ಟವನು, ಆಗಾಗ ಬಂದು ಜಗಲಿ ಮೇಲೆ ಕೂರುತ್ತಿದ್ದ, ಕತ್ತೆತ್ತಿ ಅಟ್ಟ ನೋಡುತ್ತಿದ್ದ. ಅಮ್ಮ ಒಳಗಿನಿಂದಲೇ ಮೆಲ್ಲಗೆ "ಅಪ್ಪ ಊರಲ್ಲಿಲ್ಲ ಅನ್ನು ಹೋಗೋ" ಎನ್ನುತ್ತಿದ್ದರು. ಅಪ್ಪ ಹಿತ್ತಲಲ್ಲೇ ಇರುತ್ತಿದ್ದರು. "ನಾನೇ ಹೋಗಿ ಹೇಳ್ತಿದ್ದೆ. ಇದು ಹೇಗೆ ಮರೆತುಹೋಗಿತ್ತು?"

ಮರೆತದ್ದರಲ್ಲಿ ಆಶ್ಚರ್ಯವಿಲ್ಲ. ನೋವಿನ ನೆನಪುಗಳ ತೀವ್ರತೆ ಸಂತೋಷದ ನೆನಪುಗಳಿಗಿಂತ ಬೇಗ ಮಾಸುತ್ತದೆ, ಮನಸ್ಸಿನ ಕೆಲಸವೇ ಹಾಗೆ. ನಲವತ್ತು ದಾಟಿದವರಲ್ಲಿ ಹತ್ತರಿಂದ ಮೂವತ್ತರೊಳಗಿನ ದಿನಗಳೇ ಹೆಚ್ಚು ನಿಚ್ಚಳವಾಗಿ ಉಳಿದಿರುತ್ತವೆ ಎಂಬುದೂ ಗೊತ್ತಿರುವ ಸಂಗತಿ. ಇವೆರಡೂ ಸೇರಿದರೆ ಯಾರ ಊರಾದರೂ ನಂದನವನವೇ.

ಅಕ್ಕನಿಗೆ ಫೋನ್ ಮಾಡಿ ಅದೇ ಬೇಸಿಗೆಯ ಬಗ್ಗೆ ಕೇಳಿ, ವಾದ ಮಾಡಬೇಡಿ, ಸುಮ್ಮನೆ ಕೇಳಿಸಿಕೊಳ್ಳಿ ಎಂದೆ. ಅಕ್ಕ ಅವರಿಗಿಂತ ನಾಲ್ಕು ವರ್ಷ ದೊಡ್ಡವರು, ಈಗ ಕಡೂರಿನ ಕಡೆ ಇದ್ದಾರೆ. ಆಕೆ ಹೇಳಿದ್ದನ್ನು ಶ್ರೀಧರ ಅಕ್ಷರಶಃ ಬರೆದುಕೊಂಡು ಬಂದಿದ್ದರು, ಲೆಕ್ಕದವರಲ್ಲವೇ: "ನಿಂಗೆ ರಜೆ ಕಣೋ. ನಂಗೆಂಥ ರಜೆ? ಆ ವರ್ಷ ಅಮ್ಮಂಗೆ ಆಪರೇಷನ್ ಆಗಿತ್ತಲ್ಲ. ನಾನು ಸ್ಕೂಲ್ ಬಿಟ್ಟಿದ್ದೇ ಅವಾಗ. ನೀನು ಬಾವಿಯಿಂದ ಬರೋಷ್ಟೊತ್ತಿಗೆ ಮುದ್ದೆ ಆಗಿರ್ಬೇಕಿತ್ತು." ಇಷ್ಟು ಹೇಳಿ ಆಕೆ ನಕ್ಕರಂತೆ. "ಆದ್ರೂ ಕೆರೆ ತೂಬಿನ ಹತ್ರ ಬಟ್ಟೆ ಒಗೆಯೋಕೆ ಎಲ್ರೂ ಹೋಗ್ತಿದ್ವಲ್ಲ, ಅದು ಚೆನ್ನಾಗಿತ್ತಪ್ಪ."

ಇಲ್ಲಿ ಸಲಹೆಗಾರರು ಎಚ್ಚರ ತಪ್ಪಬಾರದು. ಒಬ್ಬರ ಸಿಹಿ ನೆನಪನ್ನು ಬಿಚ್ಚಿ ಒಳಗಿನ ಕಹಿ ತೋರಿಸಿ ಕಳಿಸಿಬಿಟ್ಟರೆ ಹಂಬಲದ ಜಾಗದಲ್ಲಿ ಪಾಪಪ್ರಜ್ಞೆ ಬಂದು ಕೂರುತ್ತದೆ. ಶ್ರೀಧರ ಅತ್ತರು. "ನನ್ನ ಆಟಕ್ಕೆ ಅವಳ ಓದು ಹೋಯ್ತು" ಎಂದರು. ನಾನು ಒಪ್ಪಲಿಲ್ಲ. ಮನೆಯಲ್ಲಿ ಯಾರ ಓದು ನಿಲ್ಲಬೇಕು ಎಂದು ತೀರ್ಮಾನಿಸಿದವರು ಹತ್ತು ವರ್ಷದ ಹುಡುಗನಲ್ಲ. ಹೆಣ್ಣುಮಗಳನ್ನೇ ಬಿಡಿಸಿದ್ದು ಆ ಕಾಲದ ಅನ್ಯಾಯ, ಅದನ್ನು ಅನ್ಯಾಯ ಎಂದೇ ಕರೆಯೋಣ. ಬಾವಿಯ ಈಜೂ ನಿಜವೇ, ಅಕ್ಕನ ಮುದ್ದೆ ಕೋಲೂ ನಿಜವೇ. ಆ ದಿನ ನಿಮ್ಮ ಪಾಲಿಗೆ ನಿಶ್ಚಿಂತೆಯಾಗಿದ್ದುದು ಚಿಂತೆ ಇಲ್ಲದ್ದರಿಂದಲ್ಲ, ಅದನ್ನು ಬೇರೆಯವರು ಹೊತ್ತಿದ್ದರಿಂದ.

ಆಗ ಅವರು ಅಪ್ಪನ ಮಾತೆತ್ತಿದರು. ತಂದೆ ತೀರಿಕೊಂಡು ಎರಡು ವರ್ಷ. ಸುಮಾ ಹೇಳಿದ ಎರಡು ವರ್ಷವೂ ಅದೇ. ತಿಥಿ ಮುಗಿಸಿ, ಮರಣ ಪ್ರಮಾಣಪತ್ರ, ಪಹಣಿ, ಪೌತಿ ಖಾತೆ, ಸೊಸೈಟಿಯ ಸಾಲ ಎಲ್ಲವನ್ನೂ ಒಂದೊಂದಾಗಿ ಮುಗಿಸಿ ಆಫೀಸಿಗೆ ಹೋಗಿದ್ದರು. "ಅಳೋಕೆ ಟೈಮೇ ಸಿಗ್ಲಿಲ್ಲ. ಅಪ್ಪ ಇರೋವರೆಗೂ, ಅವರ ಕೈಲಿ ಏನೂ ಆಗದೇ ಇದ್ರೂ, ನನ್ನ ಮೇಲೊಬ್ರು ಇದಾರೆ ಅನ್ಸೋದು. ಈಗ ಎಲ್ಲಾದಕ್ಕೂ ನಾನೇ ಕೊನೆ."

ನನಗೆ ಇಡೀ ಪ್ರಕರಣ ತೆರೆದುಕೊಂಡದ್ದು ಈ ಮಾತಿನಲ್ಲಿ. ರಾತ್ರಿ ಎರಡು ಗಂಟೆಯವರೆಗೆ ಅವರು ಹುಡುಕುತ್ತಿದ್ದುದು ಹಳೇ ಜಾಹೀರಾತನ್ನಲ್ಲ, ತಲೆ ಮೇಲೆ ಅಪ್ಪ ಇದ್ದ ಕಾಲವನ್ನು. ಮಾಡದೇ ಉಳಿದ ಶೋಕ ಬಾಲ್ಯದ ಹಂಬಲವಾಗಿ ಬಂದಿತ್ತು. ನಡುವಯಸ್ಸಿನ ಗಂಡಸರಲ್ಲಿ ಇದನ್ನು ಮತ್ತೆ ಮತ್ತೆ ಕಾಣುತ್ತೇನೆ. ಅಪ್ಪನಿಗಾಗಿ ಅಳಲು ನಾಚಿಕೆ, ಬುಗುರಿಗಾಗಿ ಕಣ್ಣು ಒದ್ದೆಯಾದರೆ ಯಾರೂ ಏನೂ ಅನ್ನುವುದಿಲ್ಲ.

ಸಲಹೆಯಲ್ಲಿ ಮೊದಲನೆಯದು ತೋಟದ್ದು. ಕೊಳ್ಳಬೇಡಿ ಎನ್ನಲು ನಾನು ಯಾರು? ಆದರೆ ಶೋಕದಲ್ಲಿರುವಾಗ ಕೆಲಸ ಬಿಡುವಂಥ, ಆಸ್ತಿ ಕೊಳ್ಳುವಂಥ ಹಿಂತಿರುಗಲಾಗದ ತೀರ್ಮಾನ ಬೇಡ, ಆರು ತಿಂಗಳು ತಡೆಯಿರಿ ಎಂದೆ. ಜಾತ್ರೆಗೂ ಹಬ್ಬಕ್ಕೂ ಅಲ್ಲದ ಒಂದು ಸಾದಾ ವಾರ ಊರಿನಲ್ಲಿ ಇದ್ದು ಬರಲು, ಕಂಪನಿಗೆ ಮಾಡುವಷ್ಟೇ ಕಟ್ಟುನಿಟ್ಟಾಗಿ ತೋಟದ ಲೆಕ್ಕ ಹಾಕಲು ಹೇಳಿದೆ. ಅವರು ಹಾಕಿಕೊಂಡು ಬಂದ ಲೆಕ್ಕ ಓದುವಂತಿತ್ತು. ತೊಂಬತ್ತರ ದಶಕದ ಕೊನೆಯಿಂದ ಆ ಸೀಮೆಯ ತೆಂಗನ್ನು ಕಾಡಿದ ನುಸಿಪೀಡೆ, ಆಮೇಲಿನ ಕಪ್ಪುತಲೆ ಹುಳು, ಬತ್ತಿದ ಬೋರು, ಕಾಯಿ ಕೀಳಲು ಸಿಗದ ಜನ. ಈಜಿದ ಬಾವಿಯಲ್ಲಿ ಈಗ ನೀರಿಲ್ಲ, ಗರಿ ಎಸೆದಿದ್ದಾರೆ.

ಎರಡನೆಯದು, ಅಪ್ಪನ ಶೋಕಕ್ಕೆ ಜಾಗ. ಎರಡನೇ ವರ್ಷದ ತಿಥಿಗೆ ಅಕ್ಕನ ಜೊತೆ ಕೂತು ಅಪ್ಪನನ್ನು ಪೂರ್ತಿ ಮಾತಾಡಿ, ಸಾಲಗಾರ ಅಪ್ಪ, ಹಿತ್ತಲಲ್ಲಿ ಅಡಗಿದ ಅಪ್ಪ, ತೋಟ ಮಾರಿ ಮಗಳ ಮದುವೆ ಮಾಡಿ ಮಗನನ್ನು ಬಿ.ಕಾಂ. ಓದಿಸಿದ ಅಪ್ಪ, ಎಲ್ಲರನ್ನೂ. ಅಕ್ಕನಿಗೆ ಕೃತಜ್ಞತೆ ಹೇಳುವುದಿದ್ದರೆ ಹೇಳಿ, ಕ್ಷಮೆ ಕೇಳುವ ನಾಟಕ ಬೇಡ. ಆಕೆಗೆ ಅದು ಬೇಕಾಗಿಯೂ ಇರಲಿಲ್ಲ.

ಮೂರನೆಯದು ಸ್ವಲ್ಪ ಕಷ್ಟದ್ದು. "ಎಲ್ಲಾದಕ್ಕೂ ನಾನೇ ಕೊನೆ" ಎನ್ನುವವರು ಮನೆಯ ಸಾಲದ ಪೂರ್ತಿ ಲೆಕ್ಕವನ್ನು ಹೆಂಡತಿಗೆ ತೋರಿಸಿಯೇ ಇರಲಿಲ್ಲ. ಅವರ ಅಪ್ಪನೂ ಹೀಗೇ ಮಾಡಿದ್ದು. ಸುಮಾ ಅವರನ್ನೂ ಕೂರಿಸಿಕೊಂಡು ಕಂತು, ವಿಮೆ, ಶಾಲೆ ಫೀಸು ಎಲ್ಲ ಹರಡಿದೆವು. "ನನ್ನ ಸಂಬಳ ಬರೀ ತರಕಾರಿಗೆ ಅಂದ್ಕೊಂಡಿದ್ರೇನ್ರೀ?" ಎಂದು ಸುಮಾ ರೇಗಿದರು. ಆ ರೇಗುವಿಕೆ ಒಳ್ಳೆಯ ಲಕ್ಷಣವಾಗಿ ಕಂಡಿತು. ಬಿಲ್ಲು, ಬ್ಯಾಂಕಿನ ಕೆಲಸ ಅರ್ಧ ಆಕೆ ತೆಗೆದುಕೊಂಡರು.

ಅದೇ ಭೇಟಿಯಲ್ಲಿ ಸುಮಾ ಅವರ ಬಾಲ್ಯ ಹೇಗಿತ್ತು ಎಂದು ಕೇಳಿದೆ. ಹದಿನಾರು ವರ್ಷದಲ್ಲಿ ಶ್ರೀಧರ ಕೇಳಿರಲಿಲ್ಲ. ಆಕೆಯ ತಂದೆ ಕುಡಿಯುತ್ತಿದ್ದರು. ಸಂಜೆಯಾದರೆ ಬಾಗಿಲ ಶಬ್ದಕ್ಕೆ ಮೈ ನಡುಗುತ್ತಿತ್ತು. "ನಂಗೆ ಹಿಂದಕ್ಕೆ ಹೋಗೋಕೆ ಊರೇ ಇಲ್ಲ. ನನ್ನ ಒಳ್ಳೇ ದಿನ ಶುರುವಾಗಿದ್ದೇ ಮದುವೆ ಆದ್ಮೇಲೆ." ಬಾಲ್ಯವೆಂದರೆ ಬಂಗಾರ ಎಂದು ದಿನಬೆಳಗಾದರೆ ಫಾರ್ವರ್ಡ್ ಮಾಡುವವರು, ಅದನ್ನು ಓದುವವರಲ್ಲಿ ಇಂಥವರೂ ಇರುತ್ತಾರೆಂದು ಒಮ್ಮೆ ಯೋಚಿಸಿದರೆ ಚೆನ್ನ. ಶ್ರೀಧರ ಅವರಿಗೆ ನನ್ನ ಯಾವ ಸಲಹೆಗಿಂತಲೂ ಹೆಚ್ಚು ತಟ್ಟಿದ್ದು ಆ ಮಾತು.

ಮಗನ ವಿಷಯಕ್ಕೆ ಒಂದೇ ನಿಯಮ: "ನಮ್ಮ ಕಾಲದಲ್ಲಿ" ಎಂಬ ಹೋಲಿಕೆ ಬಂದ್. ಬುಗುರಿ ಬೀರುವಿನಿಂದ ಹೊರಗೆ ಬರಲಿ, ಭಾಷಣ ಇಲ್ಲದೆ. ಬೀದಿಯಲ್ಲಿ ಕಾರುಗಳು ನಿಂತಿರುವುದರಿಂದ ತಾರಸಿಯ ಮೇಲೆ ಆಡಿದರು. ಹುಡುಗ ಚಾಟಿ ಸುತ್ತುವುದು ಕಲಿತ, ನಾಲ್ಕು ದಿನ ಆಡಿ ಬಿಟ್ಟು ಕ್ರಿಕೆಟ್ಟಿಗೆ ಹೋದ. ಅದೂ ಸರಿಯೇ. ಫೋನಿನ ಹಳೇ ವಿಡಿಯೊಗಳನ್ನು ಪೂರ್ತಿ ಬಿಡಿಸಲು ಹೋಗಲಿಲ್ಲ. ರಾತ್ರಿ ಹತ್ತೂವರೆಗೆ ಫೋನು ಹಾಲ್‌ನಲ್ಲಿ, ನೋಡುವುದಿದ್ದರೆ ಸಂಜೆ ಎಲ್ಲರ ಜೊತೆ ಎಂದಷ್ಟೇ ಒಪ್ಪಂದ.

ಓದುವವರಿಗೆ ಒಂದು ಮಾತು. ಹಳೆಯದನ್ನು ನೆನೆಯುವುದರ ಜೊತೆಗೆ ಎರಡು ವಾರಕ್ಕೂ ಮೀರಿ ಮಂಕು, ನಿದ್ದೆಗೇಡು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಇದ್ದೇನು ಪ್ರಯೋಜನ ಎಂಬ ಯೋಚನೆ ಕಂಡರೆ ಅದು ಬರೀ ನೆನಪಲ್ಲ, ಮನೋವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಹಗಲುರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಶ್ರೀಧರ ಈಗ ಹನ್ನೊಂದರೊಳಗೆ ಮಲಗುತ್ತಾರೆ, ವಾರದಲ್ಲಿ ಒಂದೆರಡು ದಿನ ತಪ್ಪುತ್ತದೆ, ಸುಮಾ ಜಗಳ ಆಡುತ್ತಾರೆ. ತೋಟವನ್ನು ಬೇರೆ ಯಾರೋ ಮುಂಗಡ ಕೊಟ್ಟು ಹಿಡಿದಿದ್ದಾರೆಂದು ಹೋದ ತಿಂಗಳು ಸುದ್ದಿ ಬಂತು. ಶ್ರೀಧರ ಎರಡು ದಿನ ಮಾತು ಕಡಿಮೆ ಮಾಡಿದರು. ಮೂರನೇ ದಿನ ಅಕ್ಕನಿಗೆ ಫೋನ್ ಮಾಡಿ, ಬೇಸಿಗೆ ರಜಕ್ಕೆ ಮಕ್ಕಳನ್ನು ಕರೆದುಕೊಂಡು ಕಡೂರಿಗೆ ಬರುತ್ತೇವೆ, ಅಡುಗೆಗೆ ನಾನು ನಿಲ್ಲುತ್ತೇನೆ ಎಂದರಂತೆ. "ಮುದ್ದೆ ತಿರುವೋಕೆ ಬರುತ್ತೇನೋ ನಿಂಗೆ?" ಎಂದು ಅಕ್ಕ ಕೇಳಿದ್ದಕ್ಕೆ ಯೂಟ್ಯೂಬ್ ನೋಡಿ ಕಲೀತಿದೀನಿ ಎಂದು ಉತ್ತರ ಕೊಟ್ಟಿದ್ದಾರೆ.